ಹಗ್ಗ ಎಳೆದವನದೇ ಗಾಡಿ

"ಕಳ್ಳ ನನ್ಮಗನೇ, ಕೈ ತೆಗೆಯೋ ನನ್ನ ಗಾಡಿ ಮೇಲಿಂದ!"

ಎವೆಲಿಯೊ ಹ್ಯಾಂಡಲ್ ಹಿಡಿದು ಕಿರುಚಿದ. ಎಲ್ಲಿಂದಲೋ ಬಂದ ಅಪರಿಚಿತ ಹಿಂದಿನ ಕ್ಯಾರಿಯರ್ ಹಿಡಿದಿದ್ದ. ನಡುವೆ ಮೋಟಾರು ಕಟ್ಟಿದ ಸೈಕಲ್ಲು ಅತ್ತಿತ್ತ ಜಗ್ಗಾಡುತ್ತಿತ್ತು. ಗಿಬಾರಾ ಊರಿನ ಆ ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು.

ಬೀದಿ ಸಮಿತಿಯ ಅಧ್ಯಕ್ಷೆ ಎರ್ಮಿನಿಯಾಗೆ ಇದಕ್ಕೆಲ್ಲ ಪುರುಸೊತ್ತಿರಲಿಲ್ಲ. ಡೆಂಗಿ ಜ್ವರದಿಂದ ಆಸ್ಪತ್ರೆ ಸೇರಿದ್ದ ಮೊಮ್ಮಗಳಿಗೆ ಕೋಳಿ ಸಾರು ಒಯ್ಯಬೇಕಿತ್ತು. ಡಬ್ಬಿ ಕೈಯಲ್ಲೇ ಇತ್ತು. ಕತ್ತಿನ ಮೇಲೆ ಕೂತ ಸೊಳ್ಳೆಯನ್ನು ಪಟ್ಟನೆ ಹೊಡೆದಳು.

"ಸೊಳ್ಳೆಗೆ ಹೊಗೆ ಬಿಡೋ ದರಿದ್ರದವನು ಎಲ್ಲಿ ಹಾಳಾಗಿ ಹೋದನೋ, ಮೂರು ತಿಂಗಳಾಯ್ತು! ಏಯ್, ನಿಲ್ಲಿಸ್ರೋ ಇಬ್ರೂ. ಏನದು?"

"ಇದು ನಂದು, ಅಕ್ಕಾ" ಎಂದ ಅಪರಿಚಿತ. "ನನ್ನ ಹೆಸರು ಒಸ್ಮಾನಿ. ಬೇಕಾದ್ರೆ ಪೊಲೀಸರನ್ನೇ ಕರೀರಿ."

ಜನ ಗೊಳ್ಳೆಂದು ನಕ್ಕರು. ಇಂಥ ಗಾಡಿಗೆ ಕಾಗದಪತ್ರ ಎಲ್ಲಿಯದು? ಪೊಲೀಸರ ಕಣ್ಣಿಗೆ ಬಿದ್ದರೆ ಗುಜರಿಗೇ ಹೋಗುತ್ತದೆ.

ಎರ್ಮಿನಿಯಾಗೆ ಅವನನ್ನು ಕಂಡರೆ ಮೈ ಉರಿಯಿತು. ಹರಿದ ಬನಿಯನ್ನು, ಬಲಹೆಗಲ ಮೇಲೆ ಪಟ್ಟಿ ಒತ್ತಿ ಒತ್ತಿ ಕಪ್ಪಾದ ಗುರುತು. ಮೂಟೆ ಹೊರುವವನಿರಬೇಕು, ಇಲ್ಲವೇ ಮೂಟೆ ಕದಿಯುವವನು ಎಂದುಕೊಂಡಳು.

ಎವೆಲಿಯೊನಾದರೋ ಮನೆಮಗನಿದ್ದಂತೆ. ಬಟ್ಟೆ ಒಗೆಯುವ ಹಳೇ ಯಂತ್ರದ ಮೋಟಾರಿಗೆ ಪ್ಲಾಸ್ಟಿಕ್ ಪೈಪು ಸೀಳಿ ರೆಕ್ಕೆ ಕಟ್ಟಿ ಅರ್ಧ ಬೀದಿಯ ಮಾಳಿಗೆಗಳ ಮೇಲೆ ಗಾಳಿಚಕ್ರ ನಿಲ್ಲಿಸಿದವನು ಅವನೇ. ಕರೆಂಟು ಹೋದಾಗ ಎರ್ಮಿನಿಯಾಳ ಅಡುಗೆಮನೆಯಲ್ಲಿ ಉರಿಯುವ ದೀಪ ಅವನ ಪುಣ್ಯ. ಈ ಗಾಡಿಯೂ ಅವನ ಕೈಕೆಲಸವೇ. ಪೆಟ್ರೋಲಿಗೆ ತಂಪುಪಾನೀಯದ ಬಾಟಲಿ, ಹೊಗೆಗೆ ನಲ್ಲಿಯ ಕೊಳವೆ. ಮೋಟಾರನ್ನಂತೂ ಅರದಿಂದ ಉಜ್ಜಿ ಉಜ್ಜಿ ಕನ್ನಡಿಯ ಹಾಗೆ ಮಿರುಗಿಸಿದ್ದ. ಅದರ ಮೇಲೆ ಊರೂರಿಗೆ ಬ್ರೆಡ್ಡು ಒಯ್ದು ಮಾರಿ ಹೆಂಡತಿ ಮಕ್ಕಳನ್ನು ಸಾಕುತ್ತಿದ್ದ. ಗಾಡಿ ಹೋದರೆ ಅವನ ಮನೆಯ ಒಲೆಯೂ ಆರಿದಂತೆ.

"ಸೈಕಲ್ಲು ಹಾಳಾಗ್ಲಿ" ಎಂದ ಒಸ್ಮಾನಿ. "ಈ ಮೋಟಾರು? ಮೊನ್ನೆ ಯಾರ ಹತ್ರಾನೋ ಕೊಂಡಿರ್ತೀಯ."

"ಕೊಂಡಿದ್ದಾ? ನಾನಾ?" ಎವೆಲಿಯೊನ ಕುತ್ತಿಗೆಯ ನರ ಉಬ್ಬಿತು. "ಇದಕ್ಕೆ ಈ ಎರಡು ಕೈ ಬಿಟ್ರೆ ಬೇರೆ ಕೈ ತಾಗಿಲ್ಲ ಕಣೋ! ನನ್ನ ತಾಯಾಣೆ!"

"ಮೊದಲ ದಿನದಿಂದ್ಲೂ?"

"ಮೊದಲ ದಿನದಿಂದ್ಲೂ! ಎಲ್ಲರೂ ಕೇಳಿಸ್ಕೊಳ್ಳಿ!"

ಎರ್ಮಿನಿಯಾ ಕೈಯೆತ್ತಿದಳು. "ಸಾಕು. ಒಬ್ಬೊಬ್ಬರಾಗಿ ಮೋಟಾರಿನ ಹಗ್ಗ ಎಳೀರಿ. ಯಾರ ಕೈಗೆ ಮೋಟಾರು ಸ್ಟಾರ್ಟ್ ಆಗುತ್ತೋ ಗಾಡಿ ಅವನದು."

ನ್ಯಾಯದ ಮಾತೇ. ಮನೆಯಲ್ಲಿ ಕಟ್ಟಿದ ಗಾಡಿ ಒಂದೊಂದಕ್ಕೂ ಒಂದೊಂದು ಹಟ. ಕಟ್ಟಿದವನಿಗಲ್ಲದೆ ಅದು ಬಗ್ಗದು.

ಒಸ್ಮಾನಿ ಹತ್ತು ಸಲ ಎಳೆದ. ಮೋಟಾರು ಕೆಮ್ಮಿ ಸುಮ್ಮನಾಯಿತು.

"ಹಾಲು ಕರೀತಿದೀಯೇನೋ?" ಎಂದು ಯಾರೋ ಕೂಗಿದರು.

ಎವೆಲಿಯೊ ಗಾಡಿಯನ್ನು ಎಡಕ್ಕೆ ವಾಲಿಸಿದ, ಗಾಳಿಯ ತೂತಿಗೆ ಹೆಬ್ಬೆರಳು ಒತ್ತಿದ, ಅರ್ಧ ಎಳೆದು ಬಿಟ್ಟು ಮತ್ತೆ ಪೂರ್ತಿ ಎಳೆದ. ಮೋಟಾರು ಗುಡುಗಿತು. ಬೀದಿಯೆಲ್ಲ ಚಪ್ಪಾಳೆ.

"ಮುಗೀತು" ಎಂದಳು ಎರ್ಮಿನಿಯಾ. "ಗಾಡಿ, ಮೋಟಾರು ಎರಡೂ ಇವನದೇ. ನೀನು ನಡಿ, ಇಲ್ಲದಿದ್ರೆ ಕಾಲು ಮುರಿಸ್ತೀನಿ."

ಒಸ್ಮಾನಿ ಕದಲಲಿಲ್ಲ. ಮೊದಲ ಸಲ ನಕ್ಕ. ಮೋಟಾರು ಆರಿಸಿ, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಮಂಡಿಯೂರಿದ. ಹಗ್ಗದ ಮುಚ್ಚಳದ ಎರಡು ಸ್ಕ್ರೂ ಬಿಚ್ಚಿದ. ಅಡಿಯಲ್ಲಿ ಅವಿತಿದ್ದ ಮೂರನೆಯದನ್ನು ನೋಡದೆಯೇ ಬಿಚ್ಚಿದ. ಮುಚ್ಚಳದ ಒಳಮೈಯಲ್ಲಿ, ಅರ ತಾಗದ ಜಾಗದಲ್ಲಿ, ಒಂದು ನಂಬರು ಇತ್ತು. ಪಕ್ಕದಲ್ಲಿ ಆಸ್ಪತ್ರೆಯ ಮುದ್ರೆ.

ಎವೆಲಿಯೊ ಹ್ಯಾಂಡಲ್ ಬಿಟ್ಟ. ಸುತ್ತ ನಿಂತವರನ್ನು ನೋಡಿ ಹಿಂದೆ ಸರಿದ.

"ಮೊದಲೇ ತೋರಿಸಿದ್ರೆ ಬೀದೀಲಿ ಕೊಂಡೆ ಅಂತ ಜಾರ್ಕೊಳ್ತಿದ್ದ, ಅಕ್ಕಾ. ಇದು ಕಳುವಾದ ದಿನ ನನ್ನನ್ನೇ ಕಳ್ಳ ಅಂತ ಕೆಲಸದಿಂದ ಓಡಿಸಿದ್ರು" ಎಂದ ಒಸ್ಮಾನಿ. ಎರ್ಮಿನಿಯಾ ತನ್ನ ಕೈಯಲ್ಲಿದ್ದ ಸಾರಿನ ಡಬ್ಬಿಯನ್ನೇ ನೋಡುತ್ತಿದ್ದಳು.

"ಮುಖಕ್ಕೆ ಬಟ್ಟೆ ಕಟ್ಕೊಂಡು ಬರ್ತಿದ್ದೆ, ಅದಕ್ಕೇ ನಿಮಗೆ ಗುರುತು ಸಿಗಲಿಲ್ಲ. ಹೊಗೆ ಬಿಡೋ ದರಿದ್ರದವನು ನಾನೇ. ಇದು ನನ್ನ ಸೊಳ್ಳೆ ಯಂತ್ರದ ಮೋಟಾರು."