ದೊಡ್ಡ ಪರದೆಯ ಕೆಲಸ

ಅಪ್ಪನ ಹಳೇ ಕಂಪ್ಯೂಟರನ್ನು ಮನೆಯಿಂದ ಸಾಗಹಾಕಬೇಕೆಂದೇ ನಾನು ಟ್ಯಾಬ್ಲೆಟ್ ತಂದಿದ್ದೆ. ಅದರ ಮೇಜು ಖಾಲಿಯಾದರೆ ಅಮ್ಮನ ಹೊಲಿಗೆ ಮಷೀನಿಗೆ ಕಿಟಕಿ ಪಕ್ಕ ಜಾಗ ಸಿಗುತ್ತಿತ್ತು.

ಅಪ್ಪ ಟ್ಯಾಬ್ಲೆಟನ್ನು ಎರಡು ಬೆರಳಲ್ಲಿ ಎತ್ತಿ, ಹಪ್ಪಳ ಸೀದಿದೆಯೋ ಎಂದು ನೋಡುವಂತೆ ಹಿಂದೆ ಮುಂದೆ ತಿರುಗಿಸಿದರು.

"ಫೋಟೋ ನೋಡೋಕೆ ಇದು ಸರಿ ಕಣಮ್ಮ. ನನ್ನ ಕೆಲಸಕ್ಕೆ ಆಗಲ್ಲ."

"ಅಂಥ ಕೆಲಸ ಏನಪ್ಪ?"

"ನಮ್ಮ ನಿವೃತ್ತರ ಸಂಘದ ಇತಿಹಾಸ ಬರೀತಿದೀನಿ. ಅದಕ್ಕೆ ದೊಡ್ಡ ಪರದೆ ಬೇಕು. ದಿನಾ ಹತ್ತು ಗಂಟೆಗೆ ಬಾಗಿಲು ಹಾಕ್ಕೊಂಡು ಕೂತ್ರೆ ಊಟಕ್ಕೇ ಏಳೋದು. ಬೇಕಾದ್ರೆ ನಿಮ್ಮಮ್ಮನ್ನ ಕೇಳು."

"ಹೌದು," ಎಂದಳು ಅಮ್ಮ, ಹುರುಳಿಕಾಯಿ ಹೆಚ್ಚುತ್ತ. "ತರಕಾರಿ ತನ್ನಿ ಅಂದ್ರೆ, ಕೆಲಸದಲ್ಲಿದೀನಿ ಅಂತ ಒಳಗಿಂದಲೇ ಕೂಗ್ತಾರೆ."

"ಇದಕ್ಕೂ ಕೀಬೋರ್ಡ್ ಸಿಗುತ್ತಪ್ಪ."

"ಸಿಗಬಹುದು. ಆದ್ರೆ ಆ ಓಘ ಬರಲ್ಲ. ನಿನ್ನೆ ಕೂತಲ್ಲೇ ನಾಲ್ಕು ಪುಟ ಟೈಪ್ ಮಾಡಿದೆ, ಗೊತ್ತಾ?"

ನಾಲ್ಕು ಪುಟ ಎಂದಮೇಲೆ ಟ್ಯಾಬ್ಲೆಟನ್ನು ಮತ್ತೆ ಡಬ್ಬಕ್ಕೆ ಹಾಕಿದೆ.

"ಹೋಗ್ಲಿ ಬಿಡಮ್ಮ, ಕಂಪ್ಯೂಟರ್ ಇಲ್ಲೇ ಇರ್ಲಿ," ಎಂದೆ ಅಮ್ಮನಿಗೆ.

"ಇರ್ಲಿ, ಪಾಪ," ಎಂದಳು ಅಮ್ಮ. ಕತ್ತರಿಸಿದ ಹುರುಳಿಕಾಯನ್ನು ಪಾತ್ರೆಗೆ ಸುರಿದಳು. "ಆ ಟ್ಯಾಬ್ಲೆಟನ್ನ ಅಂಗಡಿಗೆ ವಾಪಸ್ ಕೊಡ್ತೀಯಲ್ಲ, ಬರೋವಾಗ ನನಗೊಂದು ರೈಸ್ ಕುಕ್ಕರಿನ ವೈರು ತಂದ್ಬಿಡು. ನಂದು ಸುಟ್ಟುಹೋದಾಗ ಅಪ್ಪನ ಕಂಪ್ಯೂಟರಿನ ಕರೆಂಟ್ ವೈರನ್ನೇ ಕಿತ್ಕೊಂಡು ಬಂದೆ. ಮೂರು ತಿಂಗಳಾಯ್ತು, ಇನ್ನೂ ವಾಪಸ್ ಕೊಟ್ಟಿಲ್ಲ."