ಮೀನಿನ ತಲೆ ಯಾವ ಕಡೆ

"ಮೇಡಂ, ಆ ಬಿಲದಲ್ಲಿ ಏನೂ ಇಲ್ಲ. ಅಡ್ಡ ನಿಂತು ನನ್ನ ಹೊಟ್ಟೆ ಮೇಲೆ ಹೊಡೀಬೇಡಿ!" ಎಂದು ಮಣ್ಣು ಅಗೆಯುವ ಯಂತ್ರದ ಚಾಲಕ ಮೇಲಿನಿಂದಲೇ ಕೂಗಿದ. ಸಂಜೆಯೊಳಗೆ ಅವನು ಕಾಲುವೆಯ ದಂಡೆ ಅಗೆದು ಮುಗಿಸಬೇಕಿತ್ತು. ದಂಡೆಯ ಬಿಲಕ್ಕೆ ಅಡ್ಡ ನಿಂತಿದ್ದ ಗಣಿತದ ಟೀಚರ್ ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ. ಬಿಲದೊಳಗೆ ಮಿಂಚುಳ್ಳಿಯ ಮರಿಗಳಿವೆ ಎಂದು ಆಕೆಗೆ ಅನುಮಾನ. ಆದರೆ ಮೂರು ದಿನ ಕಾದರೂ ಒಂದೂ ಕಂಡಿರಲಿಲ್ಲ.

ಅಷ್ಟರಲ್ಲಿ ಮಿಂಚುಳ್ಳಿಯೊಂದು ಮೀನು ಕಚ್ಚಿಕೊಂಡು ಬಂದು ಕೊಂಬೆಯ ಮೇಲೆ ಕೂತಿತು. "ನೋಡಿ, ಅದರ ಊಟ ಅದು ತಂದ್ಕೊಂಡಿದೆ," ಎಂದು ಚಾಲಕ ನಕ್ಕ. ಹಕ್ಕಿ ಮೀನನ್ನು ಕೊಂಬೆಗೆ ಎರಡು ಸಲ ಬಡಿದು, ಕೊಕ್ಕಿನಲ್ಲೇ ಹೊರಳಿಸಿಕೊಂಡಿತು. ಆಕೆ ಪಟಪಟನೆ ಚಿತ್ರ ತೆಗೆದು, ಓಡಿಹೋಗಿ ಕ್ಯಾಮೆರಾವನ್ನು ಅವನ ಕೈಗೇ ಕೊಟ್ಟಳು.

"ಮೀನಿನ ತಲೆ ಯಾವ ಕಡೆ ಇದೆ ನೋಡಪ್ಪ."

"ಹೊರಗಡೆ. ಅದಕ್ಕೇನೀಗ?"

"ತಾನೇ ನುಂಗೋದಾದ್ರೆ ತಲೆನ ಗಂಟಲ ಕಡೆ ಇಟ್ಕೊಳ್ಳುತ್ತೆ. ಹೊರಗೆ ತಿರುಗಿಸಿದ್ರೆ, ಇನ್ನೊಬ್ಬರ ಬಾಯಿಗಿಡೋಕೆ."

ಅವನು ತಲೆಯೆತ್ತುವಷ್ಟರಲ್ಲಿ ಹಕ್ಕಿ ಬಿಲದೊಳಗೆ ನುಗ್ಗಿತು. ಒಂದು ಗಳಿಗೆಯಲ್ಲಿ ಖಾಲಿ ಕೊಕ್ಕಿನಲ್ಲಿ ಹೊರಬಂದು ಹಾರಿಹೋಯಿತು. ಚಾಲಕ ಯಂತ್ರ ಆರಿಸಿ, ಕಳ್ಳನಂತೆ ಸದ್ದಿಲ್ಲದೆ ಕೆಳಗಿಳಿದು ಆಕೆಯ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಈ ಬಿಲ ಮುಟ್ಟಲ್ಲ, ಆ ತುದಿಯಿಂದ ಶುರು ಮಾಡ್ತೀನಿ ಬಿಡಿ," ಎಂದು ಪಿಸುಗುಟ್ಟಿದ. "ಅಲ್ಲ ಮೇಡಂ, ಒಳಗೆ ಎಷ್ಟು ಮರಿ ಇರ್ಬಹುದು?"