ಮೂರು ವರ್ಷದ ಪೆಟ್ರೋಲು

ಮೂರು ವರ್ಷ ಮೂಲೆಯಲ್ಲಿ ನಿಂತಿದ್ದ ನನ್ನ ಸ್ಕೂಟರಿನಿಂದ ಪೆಟ್ರೋಲು ಇಳಿಸಿದ ಮೆಕ್ಯಾನಿಕ್, "ಪೂರ್ತಿ ಕೆಟ್ಟೋಗಿದೆ. ಯಾವ ಗಾಡಿಗೂ ಹಾಕ್ಬೇಡಿ ಸಾರ್, ಅರ್ಧ ದಾರೀಲಿ ನಿಂತೋಗುತ್ತೆ. ಇಲ್ಲೇ ಬಿಟ್ಟೋಗಿ" ಎಂದ. ಬಿಟ್ಟು ಬರುವ ಜಾಯಮಾನ ನನ್ನದಲ್ಲ. ಬಾಟಲಿಗೆ ತುಂಬಿಸಿಕೊಂಡು ಮನೆಗೆ ತಂದೆ.

ಮರುದಿನ ಮಗಳಿಗೆ ವರ ನೋಡಲು ರೈಲಿಗೆ ಹೊರಟು ಚೀಲ ತುಂಬುತ್ತಿದ್ದಾಗ ಎದುರುಮನೆಯ ಚನ್ನವೀರಪ್ಪ ಬಂದರು.

"ಹೊರಡೋ ಹೊತ್ತಿಗೇ ಬೈಕಲ್ಲಿ ಪೆಟ್ರೋಲ್ ಖಾಲಿ ಸಾರ್. ಸ್ವಲ್ಪ ಇದ್ರೆ ಕೊಡಿ."

ಮೆಕ್ಯಾನಿಕ್ ಹೇಳಿದ್ದು ನನ್ನ ಗಾಡಿಯ ವಿಷಯ ಎಂದುಕೊಂಡು ಬಾಟಲಿಯನ್ನೇ ಕೊಟ್ಟೆ.

"ನಿಮ್ಮದು ದೊಡ್ಡ ಮನಸ್ಸು" ಎಂದರು. ನನಗೂ ಹಾಗೇ ಅನ್ನಿಸಿತು.

ಚೀಲ ಹಿಡಿದು ಗೇಟಿಗೆ ಬಂದರೆ ಚನ್ನವೀರಪ್ಪ ಬೈಕು ಚಾಲೂ ಮಾಡಿಕೊಂಡು ನಿಂತಿದ್ದರು.

"ಹತ್ತಿ ಸಾರ್. ಆಟೋಗೆ ಯಾಕೆ ದುಡ್ಡು ಸುರೀಬೇಕು, ಇವರನ್ನ ಸ್ಟೇಷನ್‌ಗೆ ಬಿಟ್ಬಿಡಿ ಅಂತ ನಿಮ್ಮ ಮನೆಯವ್ರು ಬೆಳಿಗ್ಗೇನೇ ಹೇಳಿದ್ರು."